ವಿಕ್ರಮನ ಕಾಗದದ ಕಾರು

ಡಾಕ್ಟರು ಮನೆಯಲ್ಲಿ ಸುಮ್ಮನೆ ಕೂತಿರಲು ಹೇಳಿದ್ದರು. ಕೂರುವುದೊಂದೇ ವಿಕ್ರಮನಿಂದ ಆಗದ ಕೆಲಸ. ವಿಮಾನ ನಗರದ ಆ ಸಣ್ಣ ಫ್ಲ್ಯಾಟಿನಲ್ಲಿ ಬಾಲ್ಕನಿಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಬಾಲ್ಕನಿಗೆ ಮೂರು ತಿಂಗಳಿಂದ ಓಡಾಡುತ್ತಿದ್ದ.

ತಳೇಗಾಂವದ ಕಾರು ಕಾರ್ಖಾನೆಯೊಂದರಲ್ಲಿ ಅವನು ಟೆಸ್ಟ್ ಡ್ರೈವರ್. ಹೊಸ ಕಾರುಗಳನ್ನು ಟ್ರ್ಯಾಕಿನ ಮೇಲೆ ಓಡಿಸಿ ನೋಡುವುದು ಏಳು ವರ್ಷಗಳ ಕಸುಬು. ಶ್ರಾವಣದ ಒಂದು ಬೆಳಿಗ್ಗೆ ಒದ್ದೆ ತಿರುವಿನಲ್ಲಿ ಕಾರಿನ ಹಿಂಬದಿ ಜಾರಿ ಗೋಡೆಗೆ ಬಡಿದಿತ್ತು. ಬಲ ಮಣಿಕಟ್ಟು ಮುರಿದು, ಒಳಗೆ ಲೋಹದ ಪ್ಲೇಟು ಕೂಡಿಸಿದ್ದರು. ಈಗ ಎಲುಬು ಕೂಡಿತ್ತು, ಬೆರಳುಗಳು ಮಾತ್ರ ಬಿಗಿದಿದ್ದವು. ಏನಾದರೂ ಸಣ್ಣ ಕೈಕೆಲಸ ಮಾಡು ಎಂದರು ಡಾಕ್ಟರು.

ಕಾರ್ಖಾನೆಯ ಇನ್ನೊಬ್ಬ ಟೆಸ್ಟ್ ಡ್ರೈವರ್ ಅಮೇಯ ಫೋನಿಗೊಂದು ನಕ್ಷೆ ಕಳಿಸಿದ. ಕಾಗದದಲ್ಲಿ ಕತ್ತರಿಸಿ ಅಂಟಿಸುವ ಕಾರು. ಎಂಬತ್ತರ ದಶಕದ ಟೊಯೋಟಾ, ಕಪ್ಪು ಬಿಳುಪಿನ ಪುಟ್ಟ ಮೈ, ಬೇಕೆಂದಾಗ ಬಾನೆಟ್ಟಿನಿಂದ ಮೇಲೇಳುವ ದೀಪಗಳು. ತಿರುವಿನಲ್ಲಿ ಹಿಂಬದಿಯನ್ನು ಬೇಕೆಂದೇ ಜಾರಿಸುವ ಡ್ರಿಫ್ಟ್ ಆಟಕ್ಕೆ ಇಂದಿಗೂ ಜನ ಹುಡುಕುವ ಕಾರು. ತನ್ನ ಕೈ ಮುರಿದ ಜಾರಾಟವನ್ನೇ ಇವರು ಮೋಜಿಗೆ ಮಾಡುತ್ತಾರಲ್ಲ ಎಂದು ವಿಕ್ರಮ ಸೊಟ್ಟಗೆ ನಕ್ಕ. ಆದರೂ ಝೆರಾಕ್ಸ್ ಅಂಗಡಿಯಲ್ಲಿ ದಪ್ಪ ಹಾಳೆಗಳ ಮೇಲೆ ಪ್ರಿಂಟ್ ಹಾಕಿಸಿ ತಂದ.

ಹತ್ತು ನಿಮಿಷ ಕತ್ತರಿಸುವನು, ಏಳುವನು, ಫೋನು ನೋಡುವನು. ಕಾರ್ಖಾನೆಯಿಂದ ಸಂದೇಶ ಬಂದಿತ್ತು: ಸೋಮವಾರ ಟ್ರ್ಯಾಕಿನ ಮೇಲೆ ಅವನ ಪರೀಕ್ಷೆ, ಓಡಿಸಿ ತೋರಿಸಿದರೆ ಮತ್ತೆ ಕೆಲಸಕ್ಕೆ. ಗುರುವಾರ ಹಿಂದಿನ ಗಾಲಿಯ ಮೇಲಿನ ಮಡ್‌ಗಾರ್ಡ್ ನಾಲ್ಕನೇ ಸಲ ಮುದುಡಿದಾಗ ಅರ್ಧ ಆಗಿದ್ದ ಕಾರನ್ನು ಎತ್ತಿ ಗೋಡೆಗೆ ಎಸೆದುಬಿಟ್ಟ.

ತಾಯಿ ಬಸವಣ್ಣೆವ್ವ ಹೊಲಿಗೆ ಯಂತ್ರ ಬಿಟ್ಟು ಎದ್ದು ಬಂದಳು. ಧಾರವಾಡದಲ್ಲಿ ಮೂವತ್ತು ವರ್ಷ ಜಂಪರು ಹೊಲಿದವಳು. ಈಗ ಈ ಕಟ್ಟಡದ ಹೆಂಗಸರಿಗೆಲ್ಲ ಅವಳೇ ಬೇಕು.

"ಏನ್ ತಪ್ಪು ಮಾಡ್ಯದ ಇದು?"

"ಬಗ್ಗೂದಿಲ್ಲವ್ವಾ. ಅಂಟಿಸಿದ್ರ ನಿರಿಗಿ ಬೀಳತಾವ."

ಅವಳು ಅದನ್ನು ಎತ್ತಿಕೊಂಡು, ಕನ್ನಡಕ ಏರಿಸಿ ತಿರುಗಿಸಿ ನೋಡಿದಳು. "ಜಂಪರದ ಕಂಕುಳದಾಗೂ ಹಿಂಗ ಬೀಳತಾವ. ಅಂಚಿಗೆ ಸಣ್ಣ ಸಣ್ಣ ಕಟ್ ಕೊಡಬೇಕು. ಅಂದ್ರ ತಾನ ತಿರಗತದ."

ತನ್ನ ಕತ್ತರಿಯಿಂದ ಎಂಟು ಕಡೆ ಚೂರು ಕಚ್ಚು ಹಾಕಿದಳು. ಕಾಗದ ಗಾಲಿಯ ಮೇಲೆ ದುಂಡಗೆ ಕೂತಿತು. ಇನ್ನೊಂದು ಬದಿಯನ್ನು ವಿಕ್ರಮ ತಾನೇ ಮಾಡಿದ. ಅಂದು ಎರಡು ತಾಸು ಮೇಲೇಳಲಿಲ್ಲ. ಶನಿವಾರ ಸಂಜೆ ಕಾರು ದೀಪಗಳನ್ನು ಮೇಲೆತ್ತಿಕೊಂಡು ಮೇಜಿನ ಮೇಲೆ ನಿಂತಿತ್ತು.

ಆಮೇಲೆ ಅವನು ಮತ್ತೆ ಓಡಾಡತೊಡಗಿದ.

"ಕೈ ಅರಾಮ ಆತಲ್ರಿ, ಮತ್ಯಾಕ ಚಡಪಡಸ್ತೀರಿ?" ಎಂದಳು ಹೆಂಡತಿ ನೀಲಿಮಾ.

"ಏನಿಲ್ಲ" ಎಂದ. ಮೂರು ತಿಂಗಳಿಂದ ಮನೆಯ ಕಾರಿನ ಕೀಲಿಯನ್ನೇ ಮುಟ್ಟಿರಲಿಲ್ಲ. ಕೇಳಿದವರಿಗೆಲ್ಲ ಕೈ ತೋರಿಸುತ್ತಿದ್ದ. ಇನ್ನು ತೋರಿಸುವಂತಿರಲಿಲ್ಲ.

ಭಾನುವಾರ ಬೆಳಿಗ್ಗೆ ಬಸವಣ್ಣೆವ್ವ ಚೀಲ ಹಿಡಿದು ನಿಂತಳು. "ಇಂದಾಪುರಕ್ಕ ಹೋಗೂಣು. ನಿಮ್ಮ ಚಿಕ್ಕವ್ವನ ನೋಡಿ ವರ್ಷಾತು."

"ಬಸ್ಸಿಗೆ ಹೋಗೂಣವ್ವಾ."

"ಬಸ್ಸಿನಾಗ ಮೊಣಕಾಲು ಹಿಡೀತಾವ. ನೀ ಕಾರ್ ತಗಿ."

ನೀಲಿಮಾ ಮನೆಯಲ್ಲೇ ಉಳಿದಳು. ಹಡಪಸರದ ಗದ್ದಲ ದಾಟುವತನಕ ಏನೂ ಆಗಲಿಲ್ಲ. ಸೋಲಾಪುರ ಹೆದ್ದಾರಿ ಬಿಚ್ಚಿಕೊಂಡ ಮೇಲೆ ಒಂದು ತಿರುವು, ಅಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರು. ವಿಕ್ರಮನ ಅಂಗೈ ಬೆವೆತು ಸ್ಟೀರಿಂಗ್ ಜಾರಿದಂತಾಯಿತು. ಹೇಗೋ ಪಕ್ಕಕ್ಕೆ ತಂದು, ಚಹದಂಗಡಿಯ ಮುಂದೆ ನಿಲ್ಲಿಸಿ ಇಳಿದುಬಿಟ್ಟ.

ತಾಯಿ ಬಂದು ಪಕ್ಕ ನಿಂತಳು. ಅವನು ಹೇಳಿದ: "ಕೈ ಅಲ್ಲವ್ವಾ. ನನಗ ಅಂಜಿಕಿ ಹೊಕ್ಕದ. ತಿರುವು ಬಂತಂದ್ರ ಗಾಡಿ ನನ್ನ ಬಿಟ್ಟು ಹೋಗತದ ಅನಸ್ತದ."

"ನೀಲಿಮಾನ ಮುಂದ ಹೇಳೀಯೇನು?"

ಅವನು ಇಲ್ಲವೆಂದು ತಲೆಯಾಡಿಸಿದ.

"ಇದನ್ನ ಒಬ್ಬಾವನ ನುಂಗಿಕೋತ ಅಡ್ಡಾಡಿದೇನು, ಮೂರು ತಿಂಗಳು?" ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಚಾ ಕುಡಿ. ಬ್ಯಾಡಂದ್ರ ಇಲ್ಲಿಂದ ಹೊಳ್ಳೂಣು. ಚಿಕ್ಕವ್ವ ಎಲ್ಲಿ ಓಡಿ ಹೋಗ್ತಾಳ?"

ಎರಡು ಕಪ್ಪು ಕುಡಿದ. ಹೊಳ್ಳಲಿಲ್ಲ. ಲಾರಿಗಳು ಹಾರ್ನು ಹೊಡೆದು ದಾಟುತ್ತಿದ್ದರೂ ಎಡಕ್ಕೆ ಅಂಟಿಕೊಂಡು ಮೆಲ್ಲಗೆ ಹೋಗಿ, ಊಟದ ಹೊತ್ತು ಮೀರಿದ ಮೇಲೆ ಇಂದಾಪುರ ಮುಟ್ಟಿಸಿದ. ಅಲ್ಲಿಂದಲೇ ನೀಲಿಮಾಗೆ ಫೋನು ಮಾಡಿ ಎಲ್ಲ ಹೇಳಿದ.

ಸೋಮವಾರ ಪರೀಕ್ಷೆಗೆ ಮುಂಚೆ ಸಾಹೇಬರ ಎದುರು ನಿಂತು ತಿರುವಿಗೆ ಹೆದರುತ್ತೇನೆ ಎಂದು ಒಪ್ಪಿಕೊಂಡ. ಅವರು ಪೆನ್ನು ಕೆಳಗಿಟ್ಟು, "ಒಂದು ತಿಂಗಳು ಅಮೇಯನ ಪಕ್ಕ ಕೂಡು. ಆಮೇಲೆ ನೋಡೋಣ" ಎಂದರು. ಕ್ಯಾಂಟೀನಿನಲ್ಲಿ ಇಬ್ಬರು ಡ್ರೈವರುಗಳು ತನ್ನ ಬಗ್ಗೆ ಆಡಿಕೊಂಡು ನಕ್ಕದ್ದು ಅವನಿಗೆ ಕೇಳಿಸಿತು.

ಮೊದಲ ದಿನ ಅಮೇಯನ ಪಕ್ಕ ಕೂತು, ಪ್ರತಿ ತಿರುವಿನಲ್ಲೂ ತನ್ನ ಕಾಲಡಿ ಇಲ್ಲದ ಬ್ರೇಕನ್ನು ಒತ್ತಿ ಒತ್ತಿ ಸಂಜೆಗೆ ಮೀನಖಂಡ ಹಿಡಿದುಕೊಂಡಿತು. ಎರಡನೇ ವಾರಕ್ಕೆ ಒತ್ತುವುದು ಕಡಿಮೆಯಾಯಿತು. ಪೂರ್ತಿ ನಿಂತಿರಲಿಲ್ಲ.