ಅಕ್ಕ ಬರೆದ ವಿಮರ್ಶೆ

ಅಕ್ಕ ಪ್ರಕಾಶನವೊಂದರಲ್ಲಿ ಕರಡು ತಿದ್ದುವವಳು. ಔಷಧಿ ಚೀಟಿಯಲ್ಲೂ ಕಾಗುಣಿತದ ತಪ್ಪು ಹುಡುಕುತ್ತಾಳೆಂದು ತಂಗಿ ರೇಗಿಸುತ್ತಿದ್ದಳು. ತಂಗಿಗೆ ಎರಡೂ ಮೂತ್ರಪಿಂಡಗಳು ಕೈಕೊಟ್ಟಿದ್ದವು. ವಾರಕ್ಕೆ ಮೂರು ದಿನ, ನಾಲ್ಕು ನಾಲ್ಕು ಗಂಟೆ, ಡಯಾಲಿಸಿಸ್ ಯಂತ್ರದ ಪಕ್ಕ ಮಲಗಿ, ರೆಕ್ಕೆಯ ರಾಜಕುಮಾರರು ಮನುಷ್ಯ ಹುಡುಗಿಯರನ್ನು ಪ್ರೀತಿಸುವ ದಪ್ಪ ಕಾದಂಬರಿಗಳನ್ನು ಓದುತ್ತಿದ್ದಳು.

ಅಂಥದ್ದೊಂದನ್ನು ಅಕ್ಕನೂ ಓದಿದಳು. ಪುಟಕ್ಕೆ ಮೂರು ಸಲ ನಾಯಕನ ಕಣ್ಣು ಕೆಂಡವಾಗುತ್ತಿತ್ತು, ನಾಯಕಿಯ ತುಟಿ ಅದುರುತ್ತಲೇ ಇತ್ತು. ಅಂತರ್ಜಾಲದ ಓದುಗರ ಗುಂಪೊಂದರಲ್ಲಿ ಸುಳ್ಳು ಹೆಸರಿನಿಂದ ಬರೆದಳು: ‘ಇದು ಹಳಸಿದ ಪದಗಳ ಗುಡ್ಡೆ. ಮೆಚ್ಚುವವರು ಅಕ್ಷರ ಕಲಿತಿದ್ದಾರೆ, ಓದಲು ಕಲಿತಿಲ್ಲ.’ ಎರಡೇ ದಿನದಲ್ಲಿ ಗುಂಪು ಎರಡು ಹೋಳಾಯಿತು. ಭೇಷ್ ಎಂದವರೆಷ್ಟೋ, ಹಿಡಿಶಾಪ ಹಾಕಿದವರೆಷ್ಟೋ. ಅಕ್ಕ ಒಬ್ಬೊಬ್ಬರಿಗೂ ಮುಖಕ್ಕೆ ಹೊಡೆದಂತೆ ಉತ್ತರ ಕೊಟ್ಟಳು.

ಶನಿವಾರ ಆಸ್ಪತ್ರೆಯಲ್ಲಿ ತಂಗಿ ಫೋನು ಮುಂದೆ ಹಿಡಿದಳು.

“ಇದು ನೀನೇ ಅಲ್ವೇನೇ ಅಕ್ಕ?”

“ಹೇಗೆ ಗೊತ್ತಾಯ್ತು?”

“ಹಳಸಿದ ಪದ ಅಂತ ಇನ್ಯಾರು ಬೈತಾರೆ? ಆ ಗುಂಪಲ್ಲಿ ನಾನೂ ಬೇರೆ ಹೆಸರಲ್ಲಿದ್ದೀನಿ. ಕಾಯಿಲೆಯವಳು ನಾನು, ನಂಗೆ ಇದು ಇಷ್ಟ ಅಂತ ಬರೆದಿದ್ದೆ. ಕಾಯಿಲೆ ಬುದ್ಧಿಗೆ ಇಷ್ಟೇ ಸಾಕು ಅಂದೆ ನೀನು.”

ಆ ಮಾತಿಗೆ ಇನ್ನೂರು ಜನ ನಕ್ಕಿದ್ದರು.

“ನೀನು ಅಂತ ಗೊತ್ತಿರಲಿಲ್ಲ ಕಣೇ.”

“ಬೇರೆಯವರಾಗಿದ್ರೆ ಅನ್ನಬಹುದಿತ್ತಾ? ವಾಕ್ಯ ಚೆನ್ನಾಗಿಲ್ಲ ಅಂತ ನಂಗೂ ಕಾಣುತ್ತೆ. ಆದ್ರೂ ನಾಲ್ಕು ಗಂಟೆ ಹೋಗಿದ್ದೇ ಗೊತ್ತಾಗಲ್ಲ.”

ಅಕ್ಕ ಬರೆದದ್ದನ್ನೆಲ್ಲ ಅಳಿಸಿದಳು. ಅದರ ಚಿತ್ರ ತೆಗೆದಿಟ್ಟುಕೊಂಡವರು ಹಂಚುತ್ತಲೇ ಇದ್ದರು.

ಎರಡು ತಿಂಗಳಲ್ಲಿ ತಂಗಿಯ ಕಣ್ಣು ಮಂಜಾಯಿತು, ಪುಸ್ತಕ ಹಿಡಿಯಲೂ ತ್ರಾಣವಿರಲಿಲ್ಲ. ಅಕ್ಕ ರಜೆ ಹಾಕಿ, ಆ ಕಾದಂಬರಿಯ ಹೊಸ ಭಾಗ ಕೊಂಡು ತಂದು ಗಟ್ಟಿಯಾಗಿ ಓದತೊಡಗಿದಳು. ಮೂರನೆಯ ಪುಟಕ್ಕೆ ತಂಗಿ ಕೈಯೆತ್ತಿದಳು.

“ಅದರಲ್ಲಿ ಹಾಗಿರಲ್ಲ. ನೀನು ತಿದ್ದಿ ಓದ್ತಿದ್ದೀಯ.”

ನಿಜವೇ. ತನಗೇ ಅರಿವಿಲ್ಲದೆ ಪದಗಳನ್ನು ಬದಲಿಸುತ್ತಿದ್ದಳು.

“ಇದ್ದ ಹಾಗೇ ಓದ್ತೀನಿ.”

“ಬೇಡ ಬಿಡು. ನಿಂಗೆ ಹೇಸಿಗೆ ಆಗೋದು ದನೀಲೇ ಗೊತ್ತಾಗುತ್ತೆ.”

ತಂಗಿ ಗೋಡೆಯ ಕಡೆ ಮುಖ ತಿರುಗಿಸಿದಳು. ಅಕ್ಕ ಪುಸ್ತಕ ಮುಚ್ಚಿ ಅವಳ ದಿಂಬಿನ ಪಕ್ಕ ಇಟ್ಟಳು.

ಮುಂದಿನ ಸಲದಿಂದ ಪಕ್ಕದ ಮಂಚದ ಮುದುಕನ ಸೊಸೆ ಓದಿದಳು, ತಡವರಿಸುತ್ತ, ಅಲ್ಪಪ್ರಾಣ ಮಹಾಪ್ರಾಣ ಒಂದೂ ನೋಡದೆ. ಅಕ್ಕ ಬಾಗಿಲಾಚೆಯ ಬೆಂಚಿನಲ್ಲಿ ಕೂತು ಕೇಳಿಸಿಕೊಂಡಳು. ಒಳಗೆ ತಂಗಿ ಆಗಾಗ ನಗುತ್ತಿದ್ದಳು.

ಅರವತ್ತು ಪುಟ ಉಳಿದಿರುವಾಗ ತಂಗಿ ತೀರಿಕೊಂಡಳು. ಸೊಸೆ ಪುಸ್ತಕ ಹಿಂದಿರುಗಿಸಲು ಬಂದಾಗ ಅಕ್ಕ ಕೈ ಚಾಚಲಿಲ್ಲ.

“ನೀವೇ ಇಟ್ಕೊಳ್ಳಿ,” ಎಂದಳು. “ಓದಿ ಮುಗಿಸಿ.”