ತಿಪ್ಪವ್ವನ ಎರಡನೇ ಹೆಸರು

ಹೆಸರಿನ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು? ಇತಿಹಾಸದಿಂದ ಅಂದರೆ ನೀವು ಪುಟ ತಿರುಗಿಸುತ್ತೀರಿ. ಮದುವೆಯಿಂದ ಅಂದರೆ ಸಿನಿಮಾ ಅನ್ನುತ್ತೀರಿ. ಹೋಗಲಿ, ತಿಪ್ಪೆಯಿಂದಲೇ ಶುರು ಮಾಡುತ್ತೇನೆ.

೧

ಕಾಗವಾಡದ ಕಡೆಯ ಅನಂತಪುರದ ಕಸ್ತೂರೆವ್ವನಿಗೆ ಹುಟ್ಟಿದ ಮೂರು ಕೂಸುಗಳು ತೊಟ್ಟಿಲಲ್ಲೇ ತೀರಿಹೋಗಿದ್ದವು. ನಾಲ್ಕನೆಯದು ಹೆಣ್ಣು. ಅತ್ತೆ ಕಾಳವ್ವ ಅದನ್ನು ಮೊರದಲ್ಲಿ ಮಲಗಿಸಿ ಹಿತ್ತಲ ತಿಪ್ಪೆಯ ಮೇಲೆ ಇಟ್ಟು ಬಂದಳು. ನೆರೆಮನೆಯವಳು ಎತ್ತಿ ತಂದು, "ತಿಪ್ಯಾಗ ಸಿಕ್ತು, ನೀವ ಸಾಕ್ಕೋರಿ" ಅಂತ ಕೊಟ್ಟಳು. ಬಿಸಾಡಿದ್ದನ್ನು ಸಾವು ಯಾಕೆ ಮುಟ್ಟೀತು? ಕೂಸು ಉಳಿಯಿತು. ತಿಪ್ಪವ್ವ ಅಂತ ಹೆಸರಿಟ್ಟರು.

(ಆಗ ಈ ಕಡೆ ಎಷ್ಟೋ ಊರಲ್ಲಿ ಒಬ್ಬ ತಿಪ್ಪವ್ವ ಇರುತ್ತಿದ್ದಳು. ಅವಳಿಗೂ ಮೊದಲು ಬರಿದಾದ ಒಂದು ತೊಟ್ಟಿಲು.)

೨ (ಹರಿದುಹಾಕಿದ ಡ್ರಾಫ್ಟ್)

"ತನ್ನ ಹೆಸರೆಂದರೆ ಅವಳಿಗೆ ಬಹಳ ಹೆಮ್ಮೆ" ಎಂದು ಬರೆದಿದ್ದೆ. ಕೇಳಿ ತಿಪ್ಪವ್ವ ನಕ್ಕಳು.

"ಸುಳ್ಳ ಬರದೀರಿ. ಸಾಲ್ಯಾಗ ಎಲ್ಲಾರೂ ಸುನೀತಾ, ಸುರೇಖಾ. ನಾ ಎದ್ದ ನಿಂತ್ರ ಹುಡುಗ್ರು ಮೂಗ ಹಿಡ್ಕೋತಿದ್ರು. ಹೆಸರ ಬದಲ ಮಾಡು ಅಂತ ಆಯಿ ಮುಂದ ಅಳತಿದ್ದೆ."

"ಅಜ್ಜಿ ಕಾಳವ್ವ ಏನಂತಿದ್ದರು?"

"ಬದಕೀಯಲ್ಲಾ, ಸುಮ್ಕಿರು ಅಂತಿದ್ಲು."

೩

ಸಾವಿರದ ಒಂಬೈನೂರ ತೊಂಬತ್ತರಲ್ಲಿ ಕಾಗವಾಡದ ದ್ರಾಕ್ಷಿ ತೋಟದ ಭಾವುಸಾಹೇಬನ ಜೊತೆ ಮದುವೆ. ಅವರ ಮನೆಯಲ್ಲಿ ಮರಾಠಿ ಪದ್ಧತಿ: ತಾಟಿನಲ್ಲಿ ಅಕ್ಕಿ ಹರಡಿ, ಗಂಡ ಅದರ ಮೇಲೆ ಬೆರಳಿಂದ ಹೆಂಡತಿಯ ಹೊಸ ಹೆಸರು ಬರೆಯಬೇಕು. ಮಂಗಲ ಅಂತ ಅತ್ತೆ ಸಾವಿತ್ರೆವ್ವ ಮೊದಲೇ ಗೊತ್ತುಮಾಡಿದ್ದಳು.

ಎಲ್ಲರೂ ಕಾಳವ್ವನ ಮುಖ ನೋಡಿದರು. (ಇಲ್ಲಿ ಒಂದು ಒಳ್ಳೆಯ ಜಗಳ ಬರೆಯಲು ನಾನೂ ತಯಾರಾಗಿದ್ದೆ.) ಮುದುಕಿ ಶಾಂತವಾಗಿ ಅಂದಳು: "ಬರಿಯೋ ತಮ್ಮಾ. ಹುಡುಗಿ ಉಳದಾಳ. ಆ ಹೆಸರಿನ ಕೆಲಸ ಮುಗೀತು."

ಅಷ್ಟು ವರ್ಷ ಬೇರೆ ಹೆಸರು ಬೇಡಿದವಳ ಕಣ್ಣಲ್ಲಿ ಆಗ ನೀರು ಬಂತು. ಭಾವುಸಾಹೇಬನ ಬೆರಳು ಅಕ್ಕಿಯ ಮೇಲೇ ನಿಂತಿತು.

"ಬ್ಯಾಡೇನು?"

"ಬರೀರಿ. ಅದರ ಮಗ್ಗಲಕ ಇದನ್ನೂ ಬರೀರಿ."

"ಹಂಗ ಬರಿಯೂ ಪದ್ಧತಿ ಇಲ್ಲವಾ" ಅಂದಳು ಸಾವಿತ್ರೆವ್ವ. ಆದರೂ ತಾಟನ್ನು ಕುಲುಕಿ, ಅಕ್ಕಿ ಸಮ ಮಾಡಿ, ಇನ್ನಷ್ಟು ಜಾಗ ಮಾಡಿಕೊಟ್ಟಳು.

ಭಾವುಸಾಹೇಬ ಕಲಿತದ್ದು ಮರಾಠಿ ಶಾಲೆ. ಮಂಗಲ ಸಲೀಸಾಗಿ ಬಂತು. ತಿಪ್ಪವ್ವ ಅಂತ ಬರೆಯಲು ಅವನು ತಡವರಿಸಿದಾಗ ಓದು ಬಾರದ ಕಾಳವ್ವ ಪಕ್ಕದಲ್ಲಿ ಕೂತು, "ತಿ... ಪ್ಪ... ವ್ವ" ಎಂದು ನಿಧಾನವಾಗಿ ಹೇಳಿಕೊಟ್ಟಳು.

೪

ಕೊನೆಗಳು ನನ್ನ ಹತ್ತಿರ ಬೇಕಾದಷ್ಟಿವೆ. ಹಳೆಯ ಹೆಸರು ಮರೆತೇಹೋಯಿತು ಎನ್ನಬಹುದು. ಅತ್ತೆಗೆ ಮಂಗಲ, ಗಂಡನಿಗೆ ತಿಪ್ಪವ್ವ ಎನ್ನಬಹುದು (ಇದು ನಿಜ, ಆದರೆ ಬರೆಯಬೇಡಿ ಅಂದಿದ್ದಾಳೆ). ಮಗಳು ಹುಟ್ಟಿದಾಗ ಏನು ಹೆಸರಿಟ್ಟರು ಅಂತ ಹೇಳಿ ನಿಮ್ಮ ಕಣ್ಣು ಒದ್ದೆ ಮಾಡಬಹುದು.

ತೊಂಬತ್ತಾರರ ಚಳಿಗಾಲದಲ್ಲಿ ಅವಳ ತೋಟಕ್ಕೆ ಹೋಗಿ ಮೂರನ್ನೂ ಓದಿ ಹೇಳಿದೆ. ಬಳ್ಳಿಗೆ ದಾರ ಕಟ್ಟುತ್ತ ಪೂರ್ತಿ ಕೇಳಿಸಿಕೊಂಡಳು.

"ಯಾವುದನ್ನು ಇಡಲಿ?"

"ನಾ ಇನ್ನೂ ಭಾಳ ವರ್ಷ ಬದಕಾಕಿ ಅದೀನ್ರಿ" ಅಂದಳು. "ನೀವ್ಯಾಕ ಈಗ ಮುಗಸಾಕತ್ತೀರಿ?"

ದಾರದ ಉಂಡೆ ನನ್ನ ಕೈಗೆ ಕೊಟ್ಟು ಮುಂದಿನ ಬಳ್ಳಿಗೆ ಹೋದಳು. ನಾನು ದಾರ ಬಿಡುತ್ತ ಅವಳ ಹಿಂದೆ