ಅಂಗಳದ ಹೆಜ್ಜೆಗಳು

ಅಪ್ಪ ತೀರಿಕೊಂಡು ಎಂಟು ತಿಂಗಳಾದ ಮೇಲೆ ನಾನು ಹೆಜ್ಜೆ ಗುರುತು ಹಿಡಿದು ಮನುಷ್ಯರನ್ನು ಹುಡುಕುವುದನ್ನು ಕಲಿಯಲು ಹೊರಟೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ, ಅಂಥ ಬುದ್ಧಿ ನನ್ನದು. ಶಿಕಾರಿಪುರದ ಹೈಸ್ಕೂಲಿನಲ್ಲಿ ಮಕ್ಕಳಿಗೆ ಆಟ ಆಡಿಸುವ ಟೀಚರು ನಾನು. ರಜೆ ಹಾಕಿ ಅಂಬ್ಲಿಗೊಳದ ಹಿನ್ನೀರಿನ ಪಕ್ಕದ ಕಾಡಿನಲ್ಲಿ ಒಂಬತ್ತು ದಿನದ ಶಿಬಿರ ಸೇರಿದೆ. ಕಾಡಿನಲ್ಲಿ ಬದುಕಿ ಉಳಿಯುವ ತರಬೇತಿ, ಎರಡನೆಯ ಹಂತದ್ದು. ಮೊದಲನೆಯದನ್ನು ಆಗಲೇ ಮುಗಿಸಿದ್ದೆ.

ಅಪ್ಪ ಲೋಕಪ್ಪ, ಹೊಸಬಾಳೆಯವನು, ಜೀವಮಾನವಿಡೀ ಕುರಿ ಕಾಯ್ದವನು. ಕೊನೆಕೊನೆಗೆ ಮರೆವು ಹತ್ತಿ ನನ್ನ ಹೆಸರನ್ನೂ ಮರೆತಿದ್ದ. ಒಂದು ಬೆಳಿಗ್ಗೆ ಎದ್ದು ಎತ್ತಲೋ ಹೋದ. ಸೊರಬದ ಬಸ್ ಹತ್ತಿದ್ದನ್ನು ಕಂಡೆ ಎಂದು ಯಾರೋ ಅಂದರು. ಸುದ್ದಿ ಕೇಳಿ ಓಡಿಬಂದ ನಾನು ಊರವರನ್ನೆಲ್ಲ ಹೊರಡಿಸಿ ಮೂರು ದಿನ ಸೊರಬದ ಬಸ್ ಸ್ಟ್ಯಾಂಡು, ಸಂತೆ, ಆಸ್ಪತ್ರೆ ಎಲ್ಲ ಜಾಲಾಡಿಸಿದೆ. ನಾಲ್ಕನೆಯ ದಿನ ಅಪ್ಪ ಹೆಣವಾಗಿ ಸಿಕ್ಕ. ಮನೆಯಿಂದ ಒಂದೂವರೆ ಮೈಲಿಯಲ್ಲಿ, ದನ ದಾಟದಂತೆ ಕಾಡಿನ ಅಂಚಿಗೆ ತೋಡಿದ್ದ ಅಗಳದೊಳಗೆ, ಕಾಲು ಮುರಿದುಕೊಂಡು ಬಿದ್ದಿದ್ದ. ಬಿದ್ದ ಮೇಲೆ ಕಡಿಮೆಯೆಂದರೂ ಎರಡು ದಿನ ಜೀವ ಇತ್ತು ಅಂದರು ಡಾಕ್ಟರು. ಆ ಮಾತನ್ನು ಅವರು ನುಂಗಿಕೊಳ್ಳಬಹುದಿತ್ತು.

ಶಿಬಿರದಲ್ಲಿ ಒದ್ದೆ ಕಟ್ಟಿಗೆಯಲ್ಲಿ ಬೆಂಕಿ ಮಾಡುವುದು, ಎಲೆ ಹೊದಿಸಿ ಗೂಡು ಕಟ್ಟುವುದು ಎಲ್ಲವನ್ನೂ ಹೇಳಿಕೊಟ್ಟರು. ಜೊತೆಯವರಿಗೆ ಅದೇ ಸಂಭ್ರಮ, ಫೋಟೋದ ಮೇಲೆ ಫೋಟೋ. ನನಗೆ ಬೇಕಿದ್ದುದು ಹೆಜ್ಜೆಯ ಪಾಠ ಒಂದೇ. ಆರನೆಯ ದಿನ, ಕಲಿಸುತ್ತಿದ್ದ ನಾಗರಾಜ್ ಸರ್ ಅಂದರು:

"ಯಾರಾದ್ರೂ ಕಾಣೆಯಾದ್ರೆ ಊರೆಲ್ಲ ಓಡಬ್ಯಾಡ್ರಿ. ಮೊದ್ಲು ಮನೆ ಬಾಗ್ಲು ಕಾಯ್ರಿ. ಅಂಗಳ ಗುಡಿಸಕೆ, ಸಗಣಿ ನೀರು ಹಾಕಕೆ ಬಿಡಬ್ಯಾಡ್ರಿ. ಯಾವ ದಿಕ್ಕಿಗೆ ಹೋದ್ರು ಅಂತ ಅಲ್ಲೇ ಗೊತ್ತಾಗ್ತದೆ."

ಅಪ್ಪ ಕಾಣೆಯಾದ ಬೆಳಿಗ್ಗೆ ನಾನು ಮನೆ ಮುಟ್ಟುವಷ್ಟರಲ್ಲಿ ಅಂಗಳ ಒಪ್ಪವಾಗಿತ್ತು, ರಂಗೋಲಿಯೂ ಬಿದ್ದಿತ್ತು. ಅವ್ವ ದ್ಯಾಮಮ್ಮ ಮದುವೆಯಾಗಿ ಬಂದ ದಿನದಿಂದ ತಪ್ಪಿಸದ ಕೆಲಸ ಅದು. ಈ ಮಾತು ಕಿವಿಗೆ ಬಿದ್ದರೆ ಅವಳು ಉಳಿಯುವುದಿಲ್ಲ. ಸಾಯುವವರೆಗೂ ಬಾಯಿ ಬಿಡಬಾರದು ಎಂದುಕೊಂಡೆ.

ಕೊನೆಯ ದಿನ ಪರೀಕ್ಷೆ. ಪಕ್ಕದ ಊರಿನ ಕೆಂಪಪ್ಪ ಎಂಬ ಮುದುಕರನ್ನು ಕಾಡಿನಲ್ಲಿ ಎಲ್ಲೋ ಕೂರಿಸಿದ್ದರು. ಮೂರು ಗಂಟೆಯೊಳಗೆ ಹುಡುಕಬೇಕು. ಎಳೆಬಿಸಿಲು ಓರೆಯಾಗಿ ಬೀಳುವಾಗ ಹೆಜ್ಜೆಯ ಅಂಚಿಗೆ ಸಣ್ಣ ನೆರಳು ಮೂಡುತ್ತದೆ. ಅದನ್ನು ನೋಡುತ್ತ, ಗುರುತು ತುಳಿಯದೆ ಪಕ್ಕದಲ್ಲೇ ನಡೆದೆ. ಗುರುತು ತಪ್ಪಿದ ಕಡೆ ಹೆಜ್ಜೆಯಿಂದ ಹೆಜ್ಜೆಗಿದ್ದ ದೂರವನ್ನು ಕೋಲಿನಿಂದ ಅಳೆದು ಮುಂದಿನ ಹೆಜ್ಜೆ ಹುಡುಕಿದೆ. ಐವತ್ತೈದು ನಿಮಿಷಕ್ಕೆ ಮತ್ತಿ ಮರದ ಬುಡದಲ್ಲಿ ಸಿಕ್ಕರು.

"ಅಯ್ಯೋ, ಇಷ್ಟ್ ಬೇಗ ಬಂದ್ಯೇನವ್ವ? ಹಾಕ್ಕೊಂಡ ಎಲೆ ಅಡಿಕೆ ಇನ್ನೂ ಬಾಯಾಗೇ ಐತೆ."

ಅವರ ಕಾಲ ಬಳಿ ಕೂತು ಗೋಳೋ ಎಂದು ಅತ್ತೆ. ಐವತ್ತೈದು ನಿಮಿಷ. ನನ್ನಪ್ಪ ಎರಡು ದಿನ ಕಾದಿದ್ದ.

ಸಂಜೆ ಹೊಸಬಾಳೆಗೆ ಹೋದಾಗ ಅವ್ವ ರೊಟ್ಟಿ ಬೇಯಿಸುತ್ತಿದ್ದಳು. ಏನು ಕಲಿತೆ ಎಂದು ಕೇಳಿದಳು. ಅಂಗಳದ ಮಾತೊಂದು ಬಿಟ್ಟು ಉಳಿದದ್ದೆಲ್ಲ ಹೇಳಿದೆ. "ಅವತ್ತೇ ಇದು ನಿಂಗೆ ಬಂದಿದ್ರೆ ನಿಮ್ಮಪ್ಪ ಸಿಗ್ತಿದ್ನೇನೇ?" ಅಂದಳು.

"ಇಲ್ಲವ್ವ," ಥಟ್ಟನೆ ಸುಳ್ಳು ಹೇಳಿದೆ. "ಹೆಜ್ಜೆ ಎಲ್ಲಿದ್ವು? ಮಳೆ ಬಂದಿತ್ತಲ್ಲ."

"ಮಳೆ ಬಂದಿದ್ದು ಮಧ್ಯಾಹ್ನ." ಅವ್ವ ರೊಟ್ಟಿ ತಿರುವಿ ಹಾಕಿದಳು. "ಬೆಳಿಗ್ಗೆ ಅಂಗಳದಾಗೆ ಇದ್ವು. ಚಪ್ಪಲಿ ಇಲ್ದ ಹೆಜ್ಜೆ, ಕಾಡಿನ ಕಡೀಗೆ ಹೋಗಿದ್ವು. ಬಯಲಿಗೆ ಹೋಗ್ಯಾನೆ, ಬರ್ತಾನೆ ಅಂತ ಗುಡಿಸಿಬಿಟ್ಟೆ."

ಅವಳಿಗೆ ಗೊತ್ತಿತ್ತು. ಇಷ್ಟು ತಿಂಗಳೂ ಗೊತ್ತಿತ್ತು.

"ಮತ್ತೆ ಯಾರಿಗೂ ಯಾಕೆ ಹೇಳ್ಲಿಲ್ಲ ನೀನು?" ನನ್ನ ದನಿ ಏರಿತು.

"ಹೇಳಿದ್ನಲ್ಲೇ, ನಿನಗೇ. ನೀನು ಕಟ್ಟೆ ಮ್ಯಾಲೆ ನಿಂತು ಫೋನಿನಾಗೆ ಮಾತಾಡ್ತಿದ್ದೆ. ಕಾಡಿನ ಕಡೀಗೆ ಹೋಗ್ಯಾನೆ ಕಣೇ ಅಂತ ಎರಡು ಸಲ ಅಂದೆ. ನಿಂಗೇನ್ ಗೊತ್ತಾಗ್ತದೆ, ಸುಮ್ನಿರವ್ವ ಅಂತ ಗದರಿದೆ ನೀನು. ಓದಿದೋಳು, ನಿಂಗೇ ಗೊತ್ತಿರ್ತದೆ ಅಂತ ಸುಮ್ನಾದೆ."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ರೊಟ್ಟಿಯನ್ನು ತಟ್ಟೆಗೆ ಹಾಕಿ ನನ್ನ ಮುಂದೆ ಇಟ್ಟು, "ಉಣ್ಣು, ಆರೋಗ್ತದೆ" ಅಂದಳು.

ಅವ್ವ ಹತ್ತಿರ ಬಂದದ್ದು, ಹೇಳಿದ್ದು, ನಾನು ಗದರಿದ್ದು ಯಾವುದೂ ನನಗೆ ನೆನಪಿಲ್ಲ. ಫೋನಿನಲ್ಲಿ ಆಡಿದ್ದು ಮಾತ್ರ ಒಂದಕ್ಷರ ಬಿಡದೆ ನೆನಪಿದೆ. ಅಪ್ಪನ ಎತ್ತರ, ಮೈಬಣ್ಣ, ಉಟ್ಟ ಪಂಚೆ ಎಲ್ಲವನ್ನೂ ಸೊರಬದ ಬಸ್ ಸ್ಟ್ಯಾಂಡಿನವರಿಗೆ ಹೇಳುತ್ತಿದ್ದೆ.